ಕನಸಿನಲ್ಲಿ ಮಂಗ ಓಡಿಸುವ ಅಜ್ಜ: ಆರ್‌ಬಿಡಿ ಬಗ್ಗೆ ನನ್ನ ಟಿಪ್ಪಣಿ

ಬೆಳಗಿನ ಜಾವ ನಾಲ್ಕು ಗಂಟೆ. ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಅಜ್ಜ "ಹೋಯ್, ಹೋಯ್" ಎಂದು ಕೂಗಿ ಗೋಡೆಗೆ ಗುದ್ದಿದರು. ಎಬ್ಬಿಸಿ ಕೇಳಿದರೆ, "ತೋಟಕ್ಕೆ ಮಂಗ ಬಂದಿತ್ತು, ಓಡಿಸ್ತಾ ಇದ್ದೆ" ಎಂದರು. ಏಟು ತಿಂದೂ ತಿಂದೂ ಅಮ್ಮಮ್ಮ ಬೇರೆ ಕೋಣೆಯಲ್ಲಿ ಮಲಗಲು ಶುರುಮಾಡಿ ಎರಡು ವರ್ಷ ಆಯ್ತು. ವಯಸ್ಸಾಯ್ತಲ್ಲ ಎಂದು ನಾವು ಸುಮ್ನಿದ್ದೆವು. ಕಾರವಾರದ ಹಾಸ್ಟೆಲಿನಲ್ಲಿ ನಿದ್ರೆಯ ಪಾಠ ಓದುವಾಗ ಎದೆ ಧಸಕ್ಕೆಂದಿತು.

ರೆಮ್ ನಿದ್ರೆ ಗೊತ್ತಲ್ವಾ? ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರ ಓಡಾಡುವ ಹಂತ. ದೊಡ್ಡವರ ನಿದ್ರೆಯಲ್ಲಿ ಸುಮಾರು 20ರಿಂದ 25% ಇದೇ. ಕಣ್ಣಿಗೆ ಕಟ್ಟುವಂಥ ಕನಸು ಜಾಸ್ತಿ ಬೀಳುವುದು ಆಗಲೇ. ಆ ಹೊತ್ತಿಗೆ ಮಿದುಳಿನ ಕಾಂಡ ಕೈಕಾಲಿನ ಸ್ನಾಯುಗಳಿಗೆ ಬೀಗ ಹಾಕುತ್ತದೆ. ಬೀಗ ಸಡಿಲವಾದರೆ ಕನಸಿನ ಹೊಡೆದಾಟ ಹಾಸಿಗೆಗೇ ಬರುತ್ತದೆ. ಇದೇ ಆರ್‌ಬಿಡಿ, ಅಂದರೆ ರೆಮ್ ಸ್ಲೀಪ್ ಬಿಹೇವಿಯರ್ ಡಿಸಾರ್ಡರ್. 1986ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಕಾರ್ಲೋಸ್ ಶೆಂಕ್, ಮಾರ್ಕ್ ಮಹೋವಾಲ್ಡ್ ಮತ್ತು ಜೊತೆಯವರು ಇದನ್ನು ಪ್ರತ್ಯೇಕ ಕಾಯಿಲೆ ಎಂದು ವಿವರಿಸಿದರು.

ಬೀಗ ಕೆಡುವುದೇಕೆ? ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ನರಕೋಶಗಳಲ್ಲಿ ಗಂಟುಗಟ್ಟುತ್ತದೆ. ಎಷ್ಟೋ ಜನರಲ್ಲಿ ಅದು ಮೊದಲು ಮಿದುಳಿನ ಕಾಂಡದ ಕೆಳಭಾಗವನ್ನು ಹಿಡಿಯುತ್ತದೆ. ಪಾರ್ಕಿನ್ಸನ್ ರೋಗದಲ್ಲಿ ಕಾಣುವ ಕೈ ನಡುಕ ಬರುವುದು ಆಮೇಲೆ, ಕೆಲವೊಮ್ಮೆ ಹತ್ತಾರು ವರ್ಷ ಕಳೆದ ಮೇಲೆ. 2019ರಲ್ಲಿ ಪ್ರಕಟವಾದ, 24 ಕೇಂದ್ರಗಳ 1280 ಆರ್‌ಬಿಡಿ ರೋಗಿಗಳ ಅಧ್ಯಯನದಲ್ಲಿ ವರ್ಷಕ್ಕೆ ಸುಮಾರು 6% ಜನರಿಗೆ ಪಾರ್ಕಿನ್ಸನ್ ಅಥವಾ ಅದರ ಬಳಗದ ರೋಗ ಬಂತು. 12 ವರ್ಷದ ಹೊತ್ತಿಗೆ ಆ ಪ್ರಮಾಣ ಸುಮಾರು 73% ಎಂದು ಅಂದಾಜಾಯಿತು. ಆ ಬಳಗದಲ್ಲಿ ಲೆವಿ ಬಾಡಿ ಮರೆವಿನ ರೋಗವೂ ಸೇರಿದೆ. ಅಲ್ಜೈಮರ್ ಜೊತೆ ಕಲಸಬೇಡಿ, ಅಲ್ಲಿ ಗಂಟುಗಟ್ಟುವ ಪ್ರೋಟೀನ್‌ಗಳೇ ಬೇರೆ.

ಹಾಗಂತ ನಿದ್ರೆಯಲ್ಲಿ ಒದ್ದವರಿಗೆಲ್ಲ ಈ ರೋಗ ಎನ್ನುವಂತಿಲ್ಲ. ನಿದ್ದೆಗಣ್ಣಲ್ಲಿ ನಡೆಯುವುದು ಸಾಮಾನ್ಯವಾಗಿ ರಾತ್ರಿಯ ಮೊದಲ ಭಾಗದಲ್ಲಿ, ಎಬ್ಬಿಸಿದರೆ ಹೆಚ್ಚಿನವರಿಗೆ ಏನೂ ನೆನಪಿರುವುದಿಲ್ಲ. ಆರ್‌ಬಿಡಿ ಬೆಳಗಿನ ಜಾವಕ್ಕೆ ಜಾಸ್ತಿ, ಕನಸೂ ನೆನಪಿರುತ್ತದೆ. ಗೊರಕೆಯ ಜೊತೆ ಉಸಿರುಕಟ್ಟುವವರೂ ಹೀಗೆ ಕೈಕಾಲು ಬಡಿಯಬಹುದು. ಕೆಲವು ಖಿನ್ನತೆಯ ಮಾತ್ರೆಗಳಿಂದಲೂ ಆದೀತು. ಪಕ್ಕಾ ಗೊತ್ತಾಗಲು ಆಸ್ಪತ್ರೆಯಲ್ಲಿ ಮಲಗಿಸಿ ರಾತ್ರಿಯಿಡೀ ನಿದ್ರೆ ಪರೀಕ್ಷೆ ಮಾಡಬೇಕು.

ಜೊತೆಗೆ ಮಲಬದ್ಧತೆ, ವಾಸನೆ ತಿಳಿಯದಿರುವುದು ಇದ್ದರೆ ಅನುಮಾನ ಗಟ್ಟಿಯಾಗುತ್ತದೆ. ರಜೆಗೆ ಹೋದಾಗ ಅಪ್ಪೆಮಿಡಿಯ ತೊಟ್ಟು ಮುರಿದು ಅಜ್ಜನ ಮೂಗಿನ ಹತ್ತಿರ ಹಿಡಿದೆ. ಸೊನೆಯ ಘಮ ಕೋಣೆಯೆಲ್ಲ ತುಂಬಿತ್ತು. "ಎಂಥ ವಾಸನೆ?" ಎಂದರು.

ರೋಗವನ್ನು ತಡೆಯುವ ಔಷಧಿ ಇನ್ನೂ ಇಲ್ಲ. ಆದರೆ ಪೆಟ್ಟಾಗುವುದನ್ನು ತಪ್ಪಿಸಬಹುದು, ವೈದ್ಯರು ಮೆಲಟೋನಿನ್ ಎಂಬ ನಿದ್ರೆಯ ಹಾರ್ಮೋನ್ ಕೊಡುವುದುಂಟು. ಅಜ್ಜನ ಮಂಚ ತೆಗೆದು ನೆಲಕ್ಕೆ ಹಾಸಿಗೆ ಹಾಕಿದ್ದೇವೆ. ಮುಂದಿನ ವಾರ ನರರೋಗ ತಜ್ಞರ ಹತ್ತಿರ ಹೋಗುವಾಗ ಅಮ್ಮಮ್ಮನೂ ಬರುತ್ತಾರೆ. ಯಾವ ರಾತ್ರಿ ಎಷ್ಟು ಹೊತ್ತಿಗೆ ಕೂಗಿದರು ಎಂದು ಈಗ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿರುವವರು ಅವರೇ.