ಟೈಪಿಂಗ್ ಮತ್ತು ಮಣಿಕಟ್ಟಿನ ನೋವು: ಒಂದು ಅಧ್ಯಯನ ಟಿಪ್ಪಣಿ

ನೋವು ಮಣಿಕಟ್ಟಿನಲ್ಲಿದ್ದರೂ ಬೆರಳುಗಳನ್ನು ಮಡಿಸುವ ಮತ್ತು ಎತ್ತುವ ಮುಖ್ಯ ಸ್ನಾಯುಗಳು ಇರುವುದು ಮುಂದೋಳಿನಲ್ಲಿ, ಅಂದರೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗದಲ್ಲಿ. ಎಡಗೈಯಿಂದ ಬಲ ಮೊಣಕೈಯ ತುಸು ಕೆಳಗೆ ಹಗುರವಾಗಿ ಹಿಡಿದುಕೊಂಡು, ಬಲಗೈ ಬೆರಳುಗಳನ್ನು ಟೈಪ್ ಮಾಡುವಂತೆ ಆಡಿಸಿ ನೋಡಿ. ಪ್ರತಿ ಬೆರಳಿನ ಚಲನೆಗೂ ಚರ್ಮದ ಕೆಳಗೆ ಸ್ನಾಯು ಮಿಸುಕುವುದು ಗೊತ್ತಾಗುತ್ತದೆ. ಆ ಸ್ನಾಯುಗಳ ಎಳೆತವನ್ನು ಬೆರಳಿಗೆ ತಲುಪಿಸುವ ಸ್ನಾಯುರಜ್ಜುಗಳು ಮಣಿಕಟ್ಟನ್ನು ಹಾದೇ ಹೋಗಬೇಕು. ಆದ್ದರಿಂದ ಮಣಿಕಟ್ಟು ಯಾವ ಕೋನದಲ್ಲಿದೆ ಎಂಬುದೇ ಈ ವಿಷಯದ ತಿರುಳು.

ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. ಅವು ಕಮಾನಿನಂತೆ ನಿಂತು, ಮೇಲೊಂದು ಗಟ್ಟಿ ಪಟ್ಟಿ ಹಾದು, ಕಾರ್ಪಲ್ ಟನಲ್ ಎಂಬ ಇಕ್ಕಟ್ಟಾದ ದಾರಿಯಾಗುತ್ತದೆ. ಅದರೊಳಗೆ 9 ಸ್ನಾಯುರಜ್ಜುಗಳೂ ಮೀಡಿಯನ್ ನರವೂ ಒತ್ತೊತ್ತಾಗಿ ಸಾಗುತ್ತವೆ. ಕೈಯನ್ನು ಮೇಲಕ್ಕಾಗಲಿ ಕೆಳಕ್ಕಾಗಲಿ ಬಗ್ಗಿಸಿದಾಗ ಒಳಗಿನ ಒತ್ತಡ ಏರುತ್ತದೆ, ನೇರವಾಗಿಟ್ಟಾಗ ಇಳಿಯುತ್ತದೆ. ಆ ದಾರಿಯಲ್ಲಿ ಮೀಡಿಯನ್ ನರ ಒತ್ತಿಹೋಗುವುದೇ ಕಾರ್ಪಲ್ ಟನಲ್ ತೊಂದರೆ. ಆದರೆ ಟೈಪ್ ಮಾಡುವವರ ಎಲ್ಲ ನೋವನ್ನೂ ಹಾಗೆ ಕರೆಯುವುದು ತಪ್ಪು; ದಣಿದ ಸ್ನಾಯು ಮತ್ತು ಕೆರಳಿದ ಸ್ನಾಯುರಜ್ಜುಗಳಿಂದಲೂ ನೋವು ಬರುತ್ತದೆ. ಮಧುಮೇಹ, ಥೈರಾಯ್ಡ್ ಕೊರತೆ ಮತ್ತು ಗರ್ಭಾವಸ್ಥೆಯಲ್ಲಿ ಈ ನರದ ಮೇಲೆ ಒತ್ತಡ ಬೀಳುವ ಸಾಧ್ಯತೆ ಹೆಚ್ಚು.

ಇನ್ನು ಕೂರುವ ರೀತಿ. ಭುಜ ಸಡಿಲವಾಗಿ, ಮೊಣಕೈ ಸುಮಾರು 90 ಡಿಗ್ರಿ ಅಥವಾ ಅದಕ್ಕಿಂತ ತುಸು ಹೆಚ್ಚು ತೆರೆದು, ಮುಂದೋಳು ಮತ್ತು ಹಿಂಗೈ ಒಂದೇ ಗೆರೆಯಲ್ಲಿರಬೇಕು. ಕೀಲಿಮಣೆಯ ಹಿಂಬದಿಯ ಪುಟ್ಟ ಕಾಲುಗಳನ್ನು ಎತ್ತಿಡುವುದು ಅನುಕೂಲವೆಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಅದರಿಂದ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ, ಆದ್ದರಿಂದ ಅವುಗಳನ್ನು ಮಡಚಿಡುವುದೇ ಒಳ್ಳೆಯದು. ಮೆತ್ತನೆಯ ಆಸರೆಪಟ್ಟಿ ಇದ್ದರೆ ಬೆರಳು ನಿಂತಾಗ ಮಾತ್ರ ಅದರ ಮೇಲೆ ಅಂಗೈಯ ಬುಡವನ್ನಿಡಿ. ಟೈಪ್ ಮಾಡುತ್ತಿರುವಾಗ ಮಣಿಕಟ್ಟನ್ನು ಅಲ್ಲಿ ಊರಿಬಿಟ್ಟರೆ, ದೂರದ ಕೀಲಿಗಾಗಿ ತೋಳು ಸರಿಯುವ ಬದಲು ಮಣಿಕಟ್ಟು ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಶಿಫ್ಟ್ ಮತ್ತು ಅಕ್ಷರವನ್ನು ಒಂದೇ ಕೈಯಲ್ಲಿ ಒತ್ತುವ ಅಭ್ಯಾಸವನ್ನೂ ಬಿಡಬೇಕು. ಮೌಸ್ ಕೀಲಿಮಣೆಗೆ ಹತ್ತಿರದಲ್ಲಿ, ಅದೇ ಎತ್ತರದಲ್ಲಿರಲಿ.

ನೋವು ಶುರುವಾದ ಮೇಲೆ ಮೊದಲ ಮದ್ದು ಕೆಲಸದ ಹೊರೆ ಇಳಿಸುವುದು. ಅರ್ಧ ಗಂಟೆಗೊಮ್ಮೆಯಾದರೂ ಕೈ ತೆಗೆದು ಬೆರಳು ಬಿಚ್ಚಿ, ಮುಂದೋಳನ್ನು ನೋವಾಗದಷ್ಟು ಮಾತ್ರ ಹಿಗ್ಗಿಸಿ. ನೋವನ್ನು ಸಹಿಸಿಕೊಂಡು ಹಿಗ್ಗಿಸುವುದರಿಂದ ಕೆರಳಿದ ಸ್ನಾಯುರಜ್ಜು ಇನ್ನಷ್ಟು ಕೆರಳಬಹುದು. ನಿದ್ದೆಯಲ್ಲಿ ಕೈ ಮಡಚಿಕೊಳ್ಳುವವರಿಗೆ ಮಣಿಕಟ್ಟನ್ನು ನೇರವಾಗಿ ಹಿಡಿಯುವ ಪಟ್ಟಿಯನ್ನು ರಾತ್ರಿ ಕಟ್ಟಿಕೊಳ್ಳುವುದು ಸಾಕಷ್ಟು ಆರಾಮ ಕೊಡುತ್ತದೆ.

ಯಾವ ಬೆರಳು ಜೋಮು ಹಿಡಿಯುತ್ತದೆ ಎಂಬುದನ್ನು ಗಮನಿಸಿ ಬರೆದಿಡಿ. ವೈದ್ಯರಿಗೆ ಅದು ಬಹಳ ಉಪಯುಕ್ತ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧ ಭಾಗ ಮೀಡಿಯನ್ ನರದ ವ್ಯಾಪ್ತಿಗೆ ಸೇರಿದವು, ಕಿರುಬೆರಳು ಬೇರೊಂದು ನರದ್ದು. ರಾತ್ರಿ ಜೋಮಿನಿಂದ ಎಚ್ಚರವಾಗಿ ಕೈ ಕೊಡವಬೇಕಾಗಿ ಬಂದರೆ, ಹಿಡಿದ ವಸ್ತು ಜಾರಿದರೆ, ಅಥವಾ ಹೆಬ್ಬೆರಳಿನ ಬುಡದ ಉಬ್ಬು ಇನ್ನೊಂದು ಕೈಗಿಂತ ಚಪ್ಪಟೆಯಾಗಿ ಕಂಡರೆ ವ್ಯಾಯಾಮದಲ್ಲಿ ದಿನ ಕಳೆಯದೆ ವೈದ್ಯರನ್ನು ಕಾಣಬೇಕು. ಸೊರಗಿದ ಆ ಸ್ನಾಯು ಚಿಕಿತ್ಸೆಯ ನಂತರವೂ ಪೂರ್ತಿ ತುಂಬಿಕೊಳ್ಳದೆ ಹೋಗಬಹುದು.