ಹಳೇಬೀಡಲ್ಲಿ ದೇವಸ್ಥಾನ ನೋಡಿದ ಮೇಲೆ ಮ್ಯೂಸಿಯಂ ಯಾಕೆ?

ಪ್ರಶ್ನೆ: ವೀಕೆಂಡಿಗೆ ಹಾಸನದ ಕಡೆ ಬರ್ತಿದ್ದೇವೆ. ಹೊಯ್ಸಳೇಶ್ವರ ದೇವಸ್ಥಾನದ ಪಕ್ಕದಲ್ಲೇ ಒಂದು ಮ್ಯೂಸಿಯಂ ಇದೆಯಂತೆ. ದೇವಸ್ಥಾನದ ಮೈತುಂಬ ಶಿಲ್ಪಗಳೇ ಇರುವಾಗ ಅದನ್ನೂ ನೋಡಬೇಕಾ?

ಉತ್ತರ: ನೋಡಿ. ಹೆಚ್ಚಿನವರು ದೇವಸ್ಥಾನ ಸುತ್ತಿ, ಎಳನೀರು ಕುಡಿದು, ಸೀದಾ ಬೇಲೂರಿನ ಬಸ್ಸು ಹತ್ತುತ್ತಾರೆ. ಹಾಗಾಗಿ ಮ್ಯೂಸಿಯಂನಲ್ಲಿ ನೂಕುನುಗ್ಗಲು ಕಮ್ಮಿ.

ದೇವಸ್ಥಾನದ ಗೋಡೆಯಲ್ಲಿ ಆನೆ ಸಾಲು, ಸಿಂಹದ ಸಾಲು, ಬಳ್ಳಿ, ಕುದುರೆ, ಅದರ ಮೇಲೆ ರಾಮಾಯಣ, ಮಹಾಭಾರತ. ಒಂದನ್ನು ನೋಡುವಷ್ಟರಲ್ಲಿ ಕಣ್ಣು ಇನ್ನೊಂದಕ್ಕೆ ಜಾರುತ್ತದೆ. ಮ್ಯೂಸಿಯಂನಲ್ಲಿ ಹಾಗಲ್ಲ. ಸುತ್ತಮುತ್ತ ಬಿದ್ದುಹೋದ ಗುಡಿಗಳ ಶಿಲ್ಪಗಳನ್ನು ತಂದು ಬಿಡಿಬಿಡಿಯಾಗಿ ನಿಲ್ಲಿಸಿದ್ದಾರೆ. ಕೆಲವು ಒಳಗೆ, ಕೆಲವು ಹೊರಗೆ ಬಯಲಲ್ಲೇ. ಒಂದರ ಮುಂದೆ ಎಷ್ಟು ಹೊತ್ತು ನಿಂತರೂ ಯಾರೂ 'ಮುಂದೆ ಹೋಗಿ' ಅನ್ನಲ್ಲ.

ಮುರಿದವುಗಳನ್ನೇ ಜಾಸ್ತಿ ನೋಡಿ ಅನ್ನುವುದು ನನ್ನ ಸಲಹೆ. ಕೈ ಮುರಿದ ಜಾಗದಲ್ಲಿ ಕಲ್ಲಿನ ಒಳಮೈ ಕಾಣುತ್ತದೆ. ಇದು ಬಳಪದ ಕಲ್ಲು. ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬರಬರುತ್ತಾ ಗಟ್ಟಿಯಾಗುತ್ತದೆ. ಕಂಠೀಹಾರದ ಒಂದೊಂದು ಮಣಿಯನ್ನೂ ಬಿಡಿಸಲು ಸಾಧ್ಯವಾಗಿದ್ದು ಅದಕ್ಕೇ. ಹಾರ ಎದೆಯಿಂದ ಎದ್ದು ನಿಂತು, ಅದರಡಿ ನೆರಳು ಬೀಳುವಷ್ಟು ಆಳಕ್ಕೆ ಕೊರೆದಿರುತ್ತಾರೆ. ಬಗ್ಗಿ, ಪಕ್ಕದಿಂದ ನೋಡಿದರೆ ಗೊತ್ತಾಗುತ್ತದೆ. ಆದರೆ ಮುಟ್ಟಬೇಡಿ!

ಪೀಠದ ಮೇಲೂ ಒಮ್ಮೆ ಕಣ್ಣಾಡಿಸಿ. ಹೊಯ್ಸಳರ ಕಾಲದ ಶಿಲ್ಪಿಗಳಿಗೆ ಹೆಸರು ಕೆತ್ತುವ ಅಭ್ಯಾಸವಿತ್ತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಟ್ಟು ಹೋಗಿದ್ದಾರೆ. ರಾಜರ ಹೆಸರಷ್ಟೇ ಉಳಿಯುವ ಕಾಲದಲ್ಲಿ ಇದು ಸಣ್ಣ ಮಾತಲ್ಲ, ಅಲ್ವಾ?

ಹಾಸನದಿಂದ ಹಳೇಬೀಡಿಗೆ ಸುಮಾರು 30 ಕಿ.ಮೀ., ಸರ್ಕಾರಿ ಬಸ್ಸು ಸಿಗುತ್ತದೆ. ಮ್ಯೂಸಿಯಂ ಪುರಾತತ್ವ ಇಲಾಖೆಯದು, ಶುಕ್ರವಾರ ರಜೆ. ಹಾಗಾಗಿ ರಜೆ ಹಾಕಿ ಶುಕ್ರವಾರವೇ ಹೊರಡುವವರು ಹಳೇಬೀಡನ್ನು ಶನಿವಾರಕ್ಕೆ ಇಟ್ಟುಕೊಳ್ಳಿ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲಂತೂ ದೇವಸ್ಥಾನ ಇನ್ನಷ್ಟು ಹೆಸರಾಗಿದೆ. ಬೆಳಿಗ್ಗೆ ಮೊದಲು ದೇವಸ್ಥಾನ ನೋಡಿ, ಬಿಸಿಲೇರಿದ ಮೇಲೆ ಮ್ಯೂಸಿಯಂಗೆ ಬನ್ನಿ.

ಕಾಲಲ್ಲಿ ಇನ್ನೂ ಕಸುವಿದ್ದರೆ ಹತ್ತಿರದ ಬಸ್ತಿಹಳ್ಳಿಗೆ ನಡೆದು ಹೋಗಿ. ಅಲ್ಲಿನ ಪಾರ್ಶ್ವನಾಥ ಬಸದಿಯ ಕಂಬಗಳಿಗೆ ಎಂಥಾ ನುಣುಪು ಅಂದರೆ, ಎದುರು ನಿಂತರೆ ನಿಮ್ಮ ಮುಖವೇ ಕಾಣುತ್ತದೆ.