ನೇತ್ರಾಣಿಯಲ್ಲಿ ಡೈವಿಂಗ್ ಕಲಿತವರು ರಾಜಾ ಅಂಪತ್‌ನ ಲಿವ್‌ಅಬೋರ್ಡ್ ಹತ್ತಬಹುದೇ?

ಪ್ರಶ್ನೆ: ನೇತ್ರಾಣಿಯಲ್ಲಿ ಡೈವಿಂಗ್‌ನ ಮೊದಲ ಹಂತವಾದ ಓಪನ್ ವಾಟರ್ ಕೋರ್ಸ್ ಮುಗಿಸಿದ್ದೇನೆ, ಈವರೆಗೆ ಎಂಟು ಡೈವ್ ಆಗಿವೆ. ಇಂಡೊನೇಷ್ಯಾದ ರಾಜಾ ಅಂಪತ್‌ನಲ್ಲಿ ಹತ್ತು ದಿನ ದೋಣಿಯಲ್ಲೇ ಉಳಿದು ಡೈವ್ ಮಾಡುವ ಲಿವ್‌ಅಬೋರ್ಡ್ ಪ್ರವಾಸಕ್ಕೆ ಈಗಲೇ ಹೋಗಬಹುದೇ?

ಉತ್ತರ: ಖಂಡಿತ ನೋಡಬೇಕಾದ ಕಡಲು ಅದು, ಆದರೆ ಎಂಟು ಡೈವ್‌ಗಳ ಅನುಭವದಲ್ಲಿ ಲಿವ್‌ಅಬೋರ್ಡ್ ಹತ್ತುವುದು ಬೇಡ ಎಂದೇ ಹೇಳುತ್ತೇನೆ. ಮುಖ್ಯ ಕಾರಣ ನೀರಿನ ಸೆಳೆತ.

ಪಪುವಾದ ಪಶ್ಚಿಮ ತುದಿಯಲ್ಲಿ ವೈಗೆಯೊ, ಬತಾಂತ, ಸಲವತಿ, ಮಿಸೂಲ್ ಎಂಬ ನಾಲ್ಕು ದೊಡ್ಡ ದ್ವೀಪಗಳೂ ಅವುಗಳ ಸುತ್ತ ಚದುರಿದ ಸುಮಾರು 1,500 ಸಣ್ಣ ದ್ವೀಪಗಳೂ ಸೇರಿದ ಈ ಸಮೂಹ ಪೆಸಿಫಿಕ್ ಸಾಗರದ ನೀರು ಹಿಂದೂ ಮಹಾಸಾಗರದ ಕಡೆಗೆ ಹರಿದುಬರುವ ದಾರಿಯಲ್ಲಿದೆ. ಉಬ್ಬರ ಇಳಿತದ ನೀರು ದ್ವೀಪಗಳ ನಡುವಿನ ಇಕ್ಕಟ್ಟಾದ ಜಲಸಂಧಿಗಳಲ್ಲಿ ನುಗ್ಗುವಾಗ ಅದರ ವೇಗ ಇನ್ನಷ್ಟು ಹೆಚ್ಚುತ್ತದೆ. ಆ ಹರಿವು ಹೊತ್ತು ತರುವ ಪ್ಲವಕಗಳೇ (ನೀರಿನಲ್ಲಿ ತೇಲುವ ಸಣ್ಣ ಜೀವಿಗಳೇ) ಅಲ್ಲಿನ ಹವಳಕ್ಕೂ ಮೀನಿಗೂ ಆಹಾರ. ಡ್ಯಾಂಪಿಯರ್ ಜಲಸಂಧಿಯ ಕೇಪ್ ಕ್ರಿ ಎಂಬಲ್ಲಿ 2012ರಲ್ಲಿ ಮೀನು ತಜ್ಞ ಜೆರಾಲ್ಡ್ ಆಲನ್ ಒಂದೇ ಡೈವ್‌ನಲ್ಲಿ 374 ಜಾತಿಯ ಮೀನುಗಳನ್ನು ಎಣಿಸಿದರು. ಅಷ್ಟು ಮೀನು ಅಲ್ಲಿ ಸೇರುವುದು ಸೆಳೆತ ಇರುವುದರಿಂದಲೇ. ಹಾಗಾಗಿ ಸೆಳೆತವಿಲ್ಲದ ರಾಜಾ ಅಂಪತ್ ಬೇಕೆಂದು ಕೇಳುವಂತಿಲ್ಲ.

ಕೇಪ್ ಕ್ರಿಯಲ್ಲಿ ನಾನು ಮೊದಲ ಸಲ ಇಳಿದಾಗ ಸಾವಿರಾರು ಮೀನುಗಳು ಒಂದೇ ದಿಕ್ಕಿಗೆ ಮುಖ ಮಾಡಿ, ಬಾಲವನ್ನಷ್ಟೇ ಅಲುಗಿಸುತ್ತ, ಇದ್ದಲ್ಲೇ ನಿಂತಿದ್ದವು. ಅವು ಮುಖ ಮಾಡಿದ ಕಡೆಯಿಂದಲೇ ನೀರು ಬರುತ್ತದೆ ಎಂಬುದು ಹೊಳೆಯುವಷ್ಟರಲ್ಲಿ ನಾನು ಅದಕ್ಕೆ ಎದುರಾಗಿ ಫಿನ್ ಬೀಸುತ್ತ ಏದುಸಿರು ಬಿಡುತ್ತಿದ್ದೆ. ಇಪ್ಪತ್ತು ಮೀಟರ್ ಆಳದಲ್ಲಿ ಪ್ರತಿ ಉಸಿರಿಗೂ ಮೇಲ್ಮೈಯಲ್ಲಿ ಬೇಕಾಗುವುದರ ಮೂರು ಪಟ್ಟು ಗಾಳಿ ಖರ್ಚಾಗುತ್ತದೆ. ಗಾಬರಿಯಾದರೆ ಆ ಲೆಕ್ಕವೂ ಉಳಿಯುವುದಿಲ್ಲ. ಗೈಡ್ ನನ್ನ ತೋಳು ಹಿಡಿದು ಬಂಡೆಯ ಮರೆಗೆ ಎಳೆದುಕೊಂಡರು. ಒಂದು ಮಾರು ಪಕ್ಕದಲ್ಲಿ ನೀರು ನಿಶ್ಚಲವಾಗಿತ್ತು. ಈ ಮರೆಗಳನ್ನು ಗುರುತಿಸುವುದು, ಹವಳಕ್ಕೆ ಕೈಕಾಲು ತಗುಲದಂತೆ ತೇಲುವುದು, ಹರಿವಿನ ಜೊತೆ ಸಾಗಿ ಕೊನೆಗೆ ನೀರಿನೊಳಗಿಂದಲೇ ಕಿತ್ತಳೆ ಬಣ್ಣದ ಗಾಳಿಚೀಲವನ್ನು ಮೇಲಕ್ಕೆ ಬಿಟ್ಟು ಸಣ್ಣ ದೋಣಿಯವರಿಗೆ ನಿಮ್ಮ ಇರವನ್ನು ತಿಳಿಸುವುದು, ಇವು ಯಾವುವೂ ಎಂಟು ಡೈವ್‌ಗಳಲ್ಲಿ ಕೈಗೆ ಹತ್ತುವುದಿಲ್ಲ.

ಹಾಗಾದರೆ ಅನುಭವಿಗಳು ದೋಣಿಯನ್ನೇ ಏಕೆ ಆರಿಸುತ್ತಾರೆ? ದೂರದ ಕಾರಣಕ್ಕೆ. ಉತ್ತರದ ಡ್ಯಾಂಪಿಯರ್ ಜಲಸಂಧಿಗೂ ದಕ್ಷಿಣದ ಮಿಸೂಲ್‌ಗೂ ನಡುವೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಕಡಲಿದೆ. ದೋಣಿ ಅದನ್ನು ರಾತ್ರಿಯಲ್ಲಿ ದಾಟುತ್ತದೆ. ಬೆಳಿಗ್ಗೆ ಕಾಫಿ ಕುಡಿದು, ಬಿಳಿ ಹಲಗೆಯ ಮೇಲೆ ಗೈಡ್ ಬರೆದ ಹವಳ ದಿಬ್ಬದ ನಕ್ಷೆ ನೋಡಿ ನೀರಿಗಿಳಿಯುತ್ತೀರಿ. ಹಲವು ದೋಣಿಗಳು ದಕ್ಷಿಣ ಸುಲಾವೇಸಿಯ ಬಡಗಿಗಳು ಕಟ್ಟುವ ಪಿನಿಸಿ ಮಾದರಿಯ ಮರದ ಹಡಗುಗಳು; ಆ ಕುಶಲಕಲೆಯನ್ನು ಯುನೆಸ್ಕೋ 2017ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ದಿನಕ್ಕೆ ಮೂರು ನಾಲ್ಕು ಡೈವ್‌ಗಳಿರುವುದರಿಂದ ದಣಿವು ಒಂದರ ಮೇಲೊಂದು ಸೇರುತ್ತಾ ಹೋಗುತ್ತದೆ. ಹೊಸಬರಿಗೆ ಅದೂ ಒಂದು ಕಷ್ಟವೇ.

ನಿಮಗೆ ನನ್ನ ಸಲಹೆ ಇಷ್ಟು. ಮೂವತ್ತು ಮೀಟರ್‌ವರೆಗೆ ಇಳಿಯಲು ಕಲಿಸುವ ಅಡ್ವಾನ್ಸ್ಡ್ ಕೋರ್ಸ್ ಮುಗಿಸಿ, ಜೊತೆಗೆ ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ) ಬಳಸುವುದನ್ನೂ ಕಲಿಯಿರಿ. ನೇತ್ರಾಣಿಯಲ್ಲೂ ಅಂಡಮಾನಿನಲ್ಲೂ ಒಟ್ಟು ಐವತ್ತು ಡೈವ್ ಆಗುವವರೆಗೆ ಕಾಯಿರಿ. ಅಷ್ಟು ಕಾಯಲಾರೆ ಎಂದಾದರೆ ಕ್ರಿ ಅಥವಾ ಅರ್ಬೊರೆಕ್ ದ್ವೀಪದಲ್ಲಿ ಪಪುವಾದವರೇ ನಡೆಸುವ ಹೋಮ್‌ಸ್ಟೇಯಲ್ಲಿ ಉಳಿಯಿರಿ; ಅಲ್ಲಿನ ಗೈಡ್‌ಗಳಿಗೆ ನಿಮ್ಮ ಡೈವ್ ಸಂಖ್ಯೆಯನ್ನು ಮುಚ್ಚಿಡದೆ ಹೇಳಿದರೆ, ನೀರು ನಿಂತ ಹೊತ್ತು ನೋಡಿ ಸುಲಭದ ದಿಬ್ಬಗಳಿಗೆ ಕರೆದೊಯ್ಯುವುದು ಅವರಿಗೆ ಸಾಧ್ಯ. ದೋಣಿಗಾದರೆ ಊರೂರು ಸುತ್ತುವ ವೇಳಾಪಟ್ಟಿ ಇರುತ್ತದೆ.

ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಕಡಲು ಅನುಕೂಲ. ಹತ್ತಿರದ ವಿಮಾನ ನಿಲ್ದಾಣದ ಊರಾದ ಸೊರೊಂಗ್‌ನಿಂದ ಹಿಂದಿರುಗುವ ವಿಮಾನವನ್ನು ಕೊನೆಯ ಡೈವ್ ಮುಗಿದು ಕನಿಷ್ಠ 18 ಗಂಟೆಗಳಾದ ಮೇಲಿನದ್ದೇ ಆರಿಸಿ, ಡೈವಿಂಗ್ ಅಪಘಾತಕ್ಕೂ ಅನ್ವಯಿಸುವ ವಿಮೆಯನ್ನು ಹೊರಡುವ ಮೊದಲೇ ಮಾಡಿಸಿ.